ಹೂಂ ಅಂದವಳು

ನಮ್ಮ ಮನೆಯಲ್ಲಿ ಹಿರಿಯರು ಮಾತಾಡುವಾಗ ಕಿರಿಯರು ಹೂಂ ಅನ್ನಬೇಕು. ಮಾತಿನ ನಡುನಡುವೆ, ಸರಿಯಾದ ಜಾಗದಲ್ಲಿ, ಬಾಯಿ ತೆರೆಯದೆ. ಅನ್ನದಿದ್ದರೆ ಅವರು ಅಲ್ಲಿಗೇ ನಿಲ್ಲಿಸಿ, "ಕೇಳ್ಲತ್ತಿ ಇಲ್ಲೋ?" ಅನ್ನುತ್ತಾರೆ. ಆ ಹೂಂಗೆ ಒಪ್ಪಿಗೆ ಎಂಬ ಅರ್ಥವಿಲ್ಲ. ನಾನು ಇಲ್ಲೇ ಇದ್ದೇನೆ, ನೀವು ಹೇಳಿ ಎಂದಷ್ಟೇ ಅರ್ಥ. ಒಪ್ಪಿಗೆಗೂ ನಾವು ಹೂಂ ಅಂತಲೇ ಅನ್ನುತ್ತೇವೆ. ಶಬ್ದ ಒಂದೇ ಆದರೂ, ಭಾಲ್ಕಿ ಕಡೆಯ ನಮ್ಮ ಜನಕ್ಕೆ ಯಾವುದು ಯಾವ ಹೂಂ ಎಂದು ಗೊತ್ತಾಗಿಯೇ ಆಗುತ್ತದೆ ಎಂದು ನಾನು ಬಹಳ ವರ್ಷ ನಂಬಿದ್ದೆ.

ಆ ನಂಬಿಕೆಯಲ್ಲಿ ನನ್ನ ಎರಡು ವರ್ಷ ಹೋದವು. ಅದನ್ನು ಬರೆದಿಡುತ್ತಿದ್ದೇನೆ.

ನಾನು ಪದವೀಧರೆ. ಅಪ್ಪನ ಕಡೆ, ಅವ್ವನ ಕಡೆ, ಎರಡೂ ಕಡೆ ಸೇರಿಸಿದರೂ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಇದನ್ನು ಹೇಳುವಾಗ ನಾನು ದನಿ ತಗ್ಗಿಸುವುದಿಲ್ಲ. ನಾಸಿಕದ ಸಾತಪುರದಲ್ಲಿ, ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಓಣಿಯಲ್ಲಿ ಬೆಳೆದೆ. ಅಪ್ಪ ಲಾರಿಗೆ ಮಾಲು ಏರಿಸುತ್ತಿದ್ದರು. ಅವ್ವ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಚಪಾತಿ ಲಟ್ಟಿಸುತ್ತಿದ್ದಳು. ಬೆಳಿಗ್ಗೆ ಅವಳ ಜೊತೆ ಕೂತು ನಾನೂ ಲಟ್ಟಿಸಿ, ಕೈಯ ಹಿಟ್ಟು ತೊಳೆದು, ಭೌತಶಾಸ್ತ್ರದ ಪುಸ್ತಕ ಹಿಡಿದು ಬಸ್ಸು ಹತ್ತುತ್ತಿದ್ದೆ. ಎರಡನೇ ವರ್ಷ ಗಣಿತದಲ್ಲಿ ಫೇಲಾದೆ. ಸಾಕು ಬಿಡು, ಅಷ್ಟು ಕಲಿತದ್ದೇ ಹೆಚ್ಚಾಯಿತು ಎಂದವರು ಇದ್ದರು. ಮತ್ತೆ ಕೂತು ಓದಿ ಪಾಸಾದೆ. ಬಿಎಸ್ಸಿ ಪ್ರಮಾಣಪತ್ರ ಕೈಗೆ ಬಂದ ದಿನ ಅಪ್ಪ ಅದನ್ನು ನನ್ನನ್ನು ಕೇಳದೆ ಒಯ್ದು ಪ್ಲಾಸ್ಟಿಕ್ಕಿನಲ್ಲಿ ಲ್ಯಾಮಿನೇಟ್ ಮಾಡಿಸಿಕೊಂಡು ಬಂದರು. ಮೂಲ ಪ್ರಮಾಣಪತ್ರವನ್ನು ಹಾಗೆ ಮಾಡಿಸಬಾರದು ಎಂಬುದು ಓದಿದವರ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುತ್ತದಂತೆ. ನಮಗೆ ಗೊತ್ತಿರಲಿಲ್ಲ. ಇವತ್ತಿಗೂ ಎಲ್ಲಿ ಕೇಳಿದರೂ ಅದನ್ನೇ ತೋರಿಸುತ್ತೇನೆ.

ಇನ್ನು ಮಾಮಾ. ಅವ್ವನ ಅಣ್ಣ. ನಮ್ಮೆಲ್ಲರಿಗಿಂತ ಮೊದಲು ನಾಸಿಕಕ್ಕೆ ಬಂದವರು. ಅಪ್ಪನನ್ನು ಕರೆಸಿಕೊಂಡವರು, ಮನೆ ಹುಡುಕಿಕೊಟ್ಟವರು, ಅವ್ವನಿಗೆ ಕ್ಯಾಂಟೀನಿನ ಕೆಲಸ ಹಚ್ಚಿದವರು ಅವರೇ. ಊರಿನಲ್ಲಿ ನಾಲ್ಕನೇ ಇಯತ್ತೆವರೆಗೆ ಕನ್ನಡ ಶಾಲೆಗೆ ಹೋಗಿದ್ದರು. ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಾಗ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು, ಅವ್ವಿ ಅವ್ವಿ ಎಂದು ಮುದ್ದಿನಿಂದ ಕರೆಯುತ್ತಾ ನನಗೆ ಕನ್ನಡ ಅಕ್ಷರ ಕಲಿಸಿದರು. ಅವರ ‘ಹ’ದ ಬಾಲ ಬಹಳ ಉದ್ದ. ಉಳಿದದ್ದನ್ನು ನಾನು ಆಮೇಲೆ ಕನ್ನಡ ಸಂಘದ ಕಪಾಟಿನ ಪುಸ್ತಕಗಳಿಂದ ಕಲಿತುಕೊಂಡೆ. ಆದರೆ ಮೊದಲು ಕೈ ಹಿಡಿದು ತಿದ್ದಿಸಿದವರು ಅವರು.

ನನಗೆ ಕೆಲಸ ಕೊಡಿಸಿದವರೂ ಮಾಮಾ. ಅವರು ಡಿಸ್ಪ್ಯಾಚಿನ ಮೇಲ್ವಿಚಾರಕರಾಗಿದ್ದ ಕಾರ್ಖಾನೆಯಲ್ಲೇ ನಾನು ತಪಾಸಣೆ ವಿಭಾಗಕ್ಕೆ ಸೇರಿದೆ. ಅಲ್ಲಿ ಬುಷ್ ತಯಾರಾಗುತ್ತಿತ್ತು. ಯಂತ್ರದಲ್ಲಿ ದಂಡ ತಿರುಗುವ ಕಡೆ ಕೂಡಿಸುವ ಲೋಹದ ಬಳೆಯಂಥ ಭಾಗ. ನನ್ನ ಕೆಲಸ ಅದರ ತೂತನ್ನು ಅಳೆಯುವುದು. ಅಳೆಯುವ ಗೇಜಿಗೆ ಎರಡು ತುದಿ. ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಹೋಗಬಾರದ್ದು ಹೋದರೆ ತೂತು ದೊಡ್ಡದಾಗಿದೆ, ಮಾಲು ಕೆಟ್ಟಿದೆ ಎಂದರ್ಥ. ಸರಿ ಇದ್ದ ಡಬ್ಬಿಗೆ ಹಸಿರು ಚೀಟಿ, ಕೆಟ್ಟದ್ದಕ್ಕೆ ಕೆಂಪು, ಇನ್ನೂ ನೋಡಬೇಕಾದದ್ದಕ್ಕೆ ಹಳದಿ. ಚೀಟಿ ಹಚ್ಚುವುದು ನಾನು, ಹಸಿರು ಚೀಟಿಯ ಡಬ್ಬಿಗಳನ್ನು ಗಾಡಿಗೆ ಹಾಕಿ ಕಳಿಸುವುದು ಮಾಮಾ.

ಮಾಮಾ ನನ್ನ ತಪಾಸಣೆ ಕೋಣೆಯ ಒಳಗೆ ಬರುತ್ತಿರಲಿಲ್ಲ. ಬಾಗಿಲಿಗೆ ಭುಜ ಕೊಟ್ಟು ನಿಂತು, ಮರಾಠಿಯವರ ನಡುವೆ ನಮ್ಮಿಬ್ಬರಿಗೇ ತಿಳಿಯುವಂತೆ ಕನ್ನಡದಲ್ಲಿ ಒಂದು ಕತೆ ತೆಗೆಯುತ್ತಿದ್ದರು. ಗಾಡಿಯವ ಮುಂಜಾನಿ ಬಂದಾನ. ನಾನು ಹೂಂ. ಚಾ ಕುಡದಾನ. ಹೂಂ. ಅವನ ಹೆಣ್ತಿ ತವರಿಗಿ ಹೋಗ್ಯಾಳ. ಹೂಂ. ಅಕಿಗಿ ಕರ್ಕೊಂಡ್ ಬರ್ಲಾಕ ಲಗೂ ಹೋಗ್ಬೇಕಂತಾನ. ಹೂಂ. ಹಂಗಾದ್ರ ಆ ಹಳದಿ ಚೀಟಿದು ನಾಕು ಡಬ್ಬಿ ಹಾಕಿ ಕಳಸ್ತೀನಿ. ಹೂಂ.

ಆ ಕೊನೆಯ ಹೂಂ ಉಳಿದವುಗಳ ಹಿಂದೆ ತಾನಾಗಿ ಉರುಳಿಕೊಂಡು ಬರುತ್ತಿತ್ತು. ಅಷ್ಟರಲ್ಲಿ ಮಾಮಾ ಹೋಗಿರುತ್ತಿದ್ದರು. ಪಕ್ಕದ ಮೇಜಿನಲ್ಲಿ ಅಳೆಯುತ್ತಿದ್ದ ಮರಾಠಿಯ ಹುಡುಗಿ, ನಿನ್ನ ಮಾಮಾ ಬಂದರೆ ಇಲ್ಲಿ ಯಾರೋ ಪಾರಿವಾಳ ಸಾಕಿದ ಹಾಗೆ ಕೇಳಿಸುತ್ತದೆ ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಹಳದಿ ಚೀಟಿಯ ಮಾಲು ಬಹಳ ಸಲ ಸರಿಯಾಗಿಯೇ ಇರುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ.

ಕಂಪನಿಗೆ ಸಂಭಾಜಿನಗರದಲ್ಲಿ, ವಾಳೂಜ್ ಕಡೆ, ಇನ್ನೊಂದು ಕಾರ್ಖಾನೆ ಇತ್ತು. ಅಲ್ಲಿನ ತಪಾಸಣೆ ವಿಭಾಗದ ಮುಖ್ಯಸ್ಥರು ಕೆಲಸ ಬಿಡುತ್ತಾರೆ, ನಾಸಿಕದಿಂದ ಒಬ್ಬರನ್ನು ಕಳಿಸುತ್ತಾರೆ ಎಂದು ಸುದ್ದಿ ಬಂತು. ಪದವಿ ಇದ್ದವರೇ ಬೇಕು ಎಂದಿದ್ದರು. ನಮ್ಮ ವಿಭಾಗದಲ್ಲಿ ಪದವಿ ಇದ್ದವಳು ನಾನೊಬ್ಬಳೇ. ನಾನು ಆ ಹುದ್ದೆಯನ್ನು ಬಯಸಿದೆ. ಬಿಎಸ್ಸಿ ಮಾಡಿ ಇಡೀ ದಿನ ತೂತು ಅಳೆಯುತ್ತಾ ಕೂರಲು ನನಗೆ ಇಷ್ಟವಿರಲಿಲ್ಲ.

ಆ ಭಾನುವಾರ ಊಟಕ್ಕೆ ಕೂತಾಗ ಮಾಮಾ ಒಂದು ಉದ್ದ ಮಾತು ಆಡಿದರು. ನಮ್ಮ ಕಡೆಯ ಯಾರದೋ ಮಗಳು ಬೇರೆ ಊರಿಗೆ ಒಬ್ಬಳೇ ಹೋದಳಂತೆ, ಅವಳಿಗೆ ಕೋಣೆ ಸಿಗಲಿಲ್ಲವಂತೆ, ಜ್ವರ ಬಂದಾಗ ನೀರು ಕೊಡುವವರಿರಲಿಲ್ಲವಂತೆ. ಹೆಣ್ಣುಮಕ್ಕಳಿಗೆ ಮದುವೆಯಾದ ಮೇಲೆ ಹೇಗೂ ಊರು ಬದಲಾಗುತ್ತದೆ, ಅಲ್ಲಿಯತನಕ ನಾಸಿಕವೇ ಚೊಲೊ ಎಂದರು. ನಾನು ರೊಟ್ಟಿ ಮುರಿಯುತ್ತಾ ಹೂಂ ಅನ್ನುತ್ತಿದ್ದೆ. ಮರುವಾರ ಹೆಸರುಗಳ ಪಟ್ಟಿ ಹೋಯಿತು. ನನ್ನ ಹೆಸರಿರಲಿಲ್ಲ. ಮ್ಯಾನೇಜರ್ ಸಾಹೇಬರನ್ನು ಕೇಳಿದರೆ, ನಿನಗೆ ಹೋಗುವ ಮನಸ್ಸಿಲ್ಲ ಎಂದು ನಿನ್ನ ಮಾಮಾನೇ ಹೇಳಿದರಲ್ಲ ಎಂದರು.

ಮುಂದಿನ ಭಾನುವಾರ ಮಾಮಾ ಊಟಕ್ಕೆ ಬಂದಾಗ ಕೇಳಿದೆ.

"ನಿನ್ನ ಮುಂದೇ ಮಾತಾಡೀನಲ್ಲ ಅವ್ವಿ," ಎಂದರು. "ನೀ ಹೂಂ ಅಂದಿ."

ಅವ್ವ ಒಳಗಿನಿಂದ, ಹೌದು ಅಂದಳು, ನಾನೂ ಕೇಳಿದ್ದೇನೆ ಎಂದಳು. ಅಂದದ್ದು ನಿಜವಲ್ಲ ಎನ್ನಲು ಬರುತ್ತಿರಲಿಲ್ಲ. ಆ ವರ್ಷ ಬೇರೆ ವಿಭಾಗದ ಯಾರನ್ನೋ ಕಳಿಸಿದರು. ಅವರು ಅಲ್ಲಿ ನಿಲ್ಲದೆ ಮರಳಿ ಬಂದರು. ಹುದ್ದೆ ಮತ್ತೆ ಖಾಲಿಯಾಯಿತು. ಮುಂದಿನ ವರ್ಷ ನೋಡೋಣ ಎಂದು ಸಾಹೇಬರು ನನಗೆ ತಾವಾಗಿ ಹೇಳಿದರು.

ಮುಂದಿನ ವರ್ಷ ಮಾಲು ವಾಪಸು ಬಂತು. ಗಿರಾಕಿಯ ಯಂತ್ರದಲ್ಲಿ ಬುಷ್ ಸಡಿಲಾಗಿ ಕುಣಿಯುತ್ತಿದೆ ಎಂದು ದೂರು. ಡಬ್ಬಿ ಬಿಚ್ಚಿ ಅಳೆದಾಗ ಹೋಗಬಾರದ ತುದಿ ಸಲೀಸಾಗಿ ಒಳಗೆ ಹೋಯಿತು. ಡಬ್ಬಿಯ ಮೇಲೆ ನನ್ನ ಹಳದಿ ಚೀಟಿ ಹಾಗೇ ಅಂಟಿಕೊಂಡಿತ್ತು.

ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಅವರು ಕೂಗಾಡುವ ಮನುಷ್ಯರಲ್ಲ. ಹಳದಿ ಚೀಟಿಯ ಮಾಲು ಹೇಗೆ ಹೊರಗೆ ಹೋಯಿತು ಎಂದು ಕೇಳಿದರು. ಮಾಮಾ ತಮ್ಮ ಒರಟು ಮರಾಠಿಯಲ್ಲಿ, "ತೀ ಹೋ ಮ್ಹಣಾಲಿ, ಸಾಹೇಬ್," ಎಂದರು. ಅವಳು ಹೌದು ಅಂದಳು, ಅದಕ್ಕೆ ಕಳಿಸಿದೆ ಎಂದು. ಅವರ ಮುಖದಲ್ಲಿ ಕಪಟವೇನೂ ಇರಲಿಲ್ಲ.

ಸಾಹೇಬರು ನನ್ನತ್ತ ತಿರುಗಿದರು. ನಾನು ಹೌದು ಅಂದಿಲ್ಲ, ಹೂಂ ಅಂದೆ ಎಂದೆ. ಅದೇನು ಎಂದು ಕೇಳಿದರು. ನಮ್ಮ ಭಾಷೆಯಲ್ಲಿ ಯಾರಾದರೂ ಮಾತಾಡುವಾಗ ಕೇಳಿಸಿಕೊಳ್ಳುತ್ತಿದ್ದೇನೆ ಎಂದು ತಿಳಿಸಲು ಹಾಗೆ ಅನ್ನುತ್ತೇವೆ ಎಂದು ವಿವರಿಸಿದೆ.

"ಹಾಗಾದರೆ ಒಪ್ಪಿಗೆ ಇದ್ದಾಗ ಏನು ಅನ್ನುತ್ತೀರಿ?"

"ಅದಕ್ಕೂ ಹೂಂ, ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಗಲಿಲ್ಲ. ಇದನ್ನು ನಾನು ಗಿರಾಕಿಗೆ ಹೇಗೆ ಬರೆದು ತಿಳಿಸಲಿ ಎಂದು ಕೇಳಿದರು.

ನನಗೆ ಎಚ್ಚರಿಕೆಯ ಪತ್ರ ಬಂತು. ಮಾಮಾನಿಗೆ ಬಾಯಿಮಾತಿನ ಎಚ್ಚರಿಕೆ. ಪತ್ರ ಪಡೆದವರ ಹೆಸರನ್ನು ಆ ವರ್ಷ ಮೇಲಿನ ಹುದ್ದೆಗೆ ಕಳಿಸುವಂತಿಲ್ಲ, ಅದು ನಿಯಮ. ಸಂಭಾಜಿನಗರದ ಕಾಗದದಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದದ್ದನ್ನು ನಾನೇ ನೋಡಿದೆ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಳುವೂ ಬರಲಿಲ್ಲ. ಆ ಮಧ್ಯಾಹ್ನ ಎಂದಿನಂತೆ ಕೂತು ಬುಷ್‌ಗಳನ್ನು ಅಳೆದೆ, ಒಂದೂ ತಪ್ಪಲಿಲ್ಲ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಒಳಗೆ ಯಾರೋ ಬಾಗಿಲು ಎಳೆದುಕೊಂಡು ಹೋದ ಹಾಗಿತ್ತು. ಆ ತಿಂಗಳುಗಳಲ್ಲಿ ಯಾರ ಮದುವೆಗೆ ಹೋದೆ, ಯಾವ ಸೀರೆ ಉಟ್ಟೆ ಎಂದು ಈಗ ಕೇಳಿದರೆ ಫೋಟೋ ನೋಡಿ ಹೇಳಬೇಕು. ಫೋಟೋಗಳಲ್ಲಿ ನಾನು ನಗುತ್ತಲೇ ಇದ್ದೇನೆ.

ಆದರೆ ತಲೆ ಕೆಲಸ ಮಾಡುತ್ತಿತ್ತು. ಏನೂ ಅನಿಸದೆ ಇದ್ದುದರಿಂದಲೋ ಏನೋ, ನನ್ನ ಬಗ್ಗೆಯೇ ಸ್ವಲ್ಪ ನೆಟ್ಟಗೆ ಯೋಚಿಸಲು ಸಾಧ್ಯವಾಯಿತು. ಮಾಮಾ ಬಾಗಿಲಲ್ಲಿ ನಿಂತು ಡಬ್ಬಿಯ ಮಾತು ತೆಗೆದಾಗ ನನ್ನ ಹೂಂ ಯಾವ ಹೂಂ ಆಗಿತ್ತು? ಕೇಳುವ ಹೂಂ ಎಂದು ಸಾಹೇಬರಿಗೆ ಹೇಳಿದೆ. ಅದು ಪೂರ್ತಿ ನಿಜವಲ್ಲ. ಆ ಡಬ್ಬಿ ಹೋಗುತ್ತದೆ ಎಂದು ನನಗೆ ಗೊತ್ತಾಗುತ್ತಿತ್ತು. ಬೇಡ ಎಂದರೆ ಮಾಮಾನ ಮುಖ ನೋಡಬೇಕು, ಭಾನುವಾರ ಅವ್ವನ ಮುಖವನ್ನೂ ನೋಡಬೇಕು. ಹೂಂ ಅಂದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಮಾಲು ಸರಿ ಇದ್ದರೆ ನಾನು ಒಪ್ಪಿದ್ದೆ. ಕೆಟ್ಟರೆ ನಾನು ಬರೀ ಕೇಳಿಸಿಕೊಂಡಿದ್ದೆ. ಎರಡು ಅರ್ಥದ ಶಬ್ದದಿಂದ ನನಗೆ ಅನುಕೂಲವಿತ್ತು. ಮಾಮಾ ಅದನ್ನು ಬಳಸಿಕೊಂಡರು ಎಂದು ದೂರುವ ಮೊದಲು ನಾನೂ ಬಳಸಿಕೊಂಡಿದ್ದೆ ಎಂದು ಒಪ್ಪಬೇಕು.

ಹೂಂ ಬಿಡಬೇಕು ಎಂದು ನಿಶ್ಚಯಿಸಿದೆ. ಹೊಗೆಸೊಪ್ಪು ಬಿಡುವವರು ಹೇಗೆ ಬಿಡುತ್ತಾರೋ ಗೊತ್ತಿಲ್ಲ, ನನಗಂತೂ ಕಷ್ಟವಾಯಿತು. ಮೊದಲ ವಾರ ನಾಲಿಗೆಯನ್ನು ಹಲ್ಲಿನಡಿ ಹಿಡಿದಿಟ್ಟರೂ ಮೂಗಿನಿಂದ ಹೊರಡುತ್ತಿತ್ತು. ಭಾಲ್ಕಿಯಿಂದ ಚಿಕ್ಕಮ್ಮ ಫೋನ್ ಮಾಡಿದರೆ, ನನ್ನ ಕಡೆಯಿಂದ ಸದ್ದಿಲ್ಲದ್ದಕ್ಕೆ ಲೈನ್ ಹೋಯಿತೆಂದು ತಿಳಿದು ಕಟ್ ಮಾಡಿ ಮತ್ತೆ ಹಚ್ಚುತ್ತಿದ್ದಳು. ಒಂದೇ ಸುದ್ದಿ ಹೇಳಲು ಐದು ಸಲ ಫೋನ್ ಮಾಡಿದ್ದಳು. ಅವ್ವ ಅಡುಗೆಮನೆಯಿಂದ ಮಾತಾಡುತ್ತಾ ಮಾತಾಡುತ್ತಾ ನಿಲ್ಲಿಸಿ, ಹೊರಗೆ ಬಂದು, ನಾನು ಕೂತಿದ್ದೇನೋ ಇಲ್ಲವೋ ನೋಡಿ ಹೋಗುತ್ತಿದ್ದಳು.

"ಗ್ವಾಡಿ ಜೋಡಿ ಮಾತಾಡ್ದಂಗ ಆಗ್ಲತ್ತದ," ಎಂದಳು ಒಂದು ದಿನ. "ಡಿಗ್ರಿ ಬಂತು, ಹೂಂ ಹೋಯ್ತು."

ಈ ಮಾತು ನಮ್ಮ ಓಣಿಯ ಕನ್ನಡದವರಲ್ಲೆಲ್ಲ ಓಡಾಡಿತು. ಯಾರ ಮನೆಗೆ ಹೋದರೂ ಬಾಗಿಲಲ್ಲೇ, ಬಂದಳು ನೋಡಿ ಹೂಂ ಇಲ್ಲದವಳು ಎಂದು ನಗುತ್ತಿದ್ದರು. ಸೊಕ್ಕು ಎಂದುಕೊಂಡವರೂ ಇದ್ದರು. ನಾನು ಯಾರಿಗೂ ವಿವರಿಸಲು ಹೋಗಲಿಲ್ಲ.

ಮಾಮಾನ ಕತೆಗಳು ಮಾತ್ರ ತಡವರಿಸಿದವು. ಬಾಗಿಲಲ್ಲಿ ನಿಂತು ಒಂದು ಮಾತು ಆಡುವರು, ನನ್ನ ಹೂಂಗೆ ಕಾಯುವರು, ಬರದಿದ್ದರೆ ಅದೇ ಮಾತನ್ನು ಮತ್ತೆ ಆಡುವರು. ಎರಡು ಸಲ ಕೇಳ್ಲತ್ತಿ ಇಲ್ಲೋ ಎಂದರು. ಕೇಳ್ಲತ್ತೀನ್ರಿ ಎಂದೆ. ಆಮೇಲೆ ಕೇಳುವುದನ್ನು ಬಿಟ್ಟರು, ಕತೆಯನ್ನು ಬಿಡಲಿಲ್ಲ.

ದೂರು ಬಂದ ಮೇಲೆ ಸಾಹೇಬರು ಒಂದು ಹೊಸ ನಿಯಮ ಮಾಡಿದ್ದರು. ಯಾವ ಗಾಡಿ ಗೇಟು ದಾಟಬೇಕಾದರೂ, ಈ ಮಾಲನ್ನು ಯಾರು ಬಿಟ್ಟರು ಎಂದು ಬರೆದ ಚೀಟಿ ಗೇಟಿನಲ್ಲಿ ಕೊಡಬೇಕು. ಮಾಮಾನಿಗೆ ಮರಾಠಿ ಮಾತು ಬರುತ್ತಿತ್ತು, ಬರವಣಿಗೆ ಬರುತ್ತಿರಲಿಲ್ಲ. ಡಿಸ್ಪ್ಯಾಚನ್ನು ಅಷ್ಟು ವರ್ಷ ಅವರು ನೆನಪಿನ ಮೇಲೆ ನಡೆಸಿದ್ದರು. ಯಾವ ಡಬ್ಬಿ ಯಾವ ಊರಿಗೆ, ಯಾವ ಡ್ರೈವರ್ ಯಾವ ದಾರಿ, ಎಲ್ಲ ತಲೆಯಲ್ಲಿ. ಬರೆಯುವ ಕೆಲಸವನ್ನು ಅವರ ಕೈಕೆಳಗಿನ ಗುಮಾಸ್ತ ಮಾಡುತ್ತಿದ್ದ. ಮಾಮಾ ಕೊನೆಗೆ ಸಹಿ ಹಾಕುತ್ತಿದ್ದರು. ಅವರಿಗೆ ಬರೆಯಲು ಬರುವುದಿಲ್ಲ ಎಂಬುದನ್ನು ಕಾರ್ಖಾನೆಯಲ್ಲಿ ಯಾರೂ ಗಮನಿಸಿರಲಿಲ್ಲ. ನನಗೆ ಗೊತ್ತಿತ್ತು.

ಮೂರನೇ ವರ್ಷ, ಇನ್ನೂ ಖಾಲಿಯೇ ಇದ್ದ ಆ ಹುದ್ದೆಗೆ ಸಂಭಾಜಿನಗರಕ್ಕೆ ಹೆಸರು ಕಳಿಸುವ ವಾರ. ಸಾಹೇಬರು ನನ್ನನ್ನು ಕರೆದು, ಈ ಸಲ ನಿನ್ನದೊಂದೇ ಹೆಸರು ಬರೆಯುತ್ತಿದ್ದೇನೆ, ಈ ವಾರ ನಿನ್ನ ಕಡೆಯಿಂದ ಏನೂ ತಪ್ಪಾಗದಂತೆ ನೋಡಿಕೋ ಎಂದಿದ್ದರು. ಎರಡು ದಿನ ಕಳೆದ ಮೇಲೆ ಮಾಲೇಗಾಂವಿಗೆ ಹೋಗಬೇಕಿದ್ದ ಮಾಲು ನನ್ನ ಮೇಜಿಗೆ ಬಂತು. ಅಲ್ಲಿನ ಮಗ್ಗದ ಯಂತ್ರಗಳಿಗೆ ಹಾಕುವ ಬುಷ್. ಇಪ್ಪತ್ತು ತೆಗೆದು ಅಳೆದೆ. ಮೂರರಲ್ಲಿ ಹೋಗಬಾರದ ತುದಿ ಒಳಗೆ ಹೋಯಿತು. ಎಲ್ಲ ಡಬ್ಬಿಗೂ ಕೆಂಪು ಚೀಟಿ ಹಚ್ಚಿದೆ.

ಮಾಮಾ ಬಾಗಿಲಿಗೆ ಬಂದರು. ಮಾಲೇಗಾಂವಿನ ಗಿರಾಕಿ ಮೂರು ದಿನದಿಂದ ಫೋನ್ ಮಾಡುತ್ತಿದ್ದಾನೆ, ಅವನ ಮಗ್ಗಗಳು ನಿಂತಿವೆ ಎಂದರು. ಮೂರೇ ಮೂರು ಬುಷ್ ಅಂತೆ, ಅವನು ಅಲ್ಲೇ ಆರಿಸಿ ಬಿಸಾಕುತ್ತಾನಂತೆ. ನಾನು ಗೇಜನ್ನು ಒರೆಸುತ್ತಾ ಸುಮ್ಮನಿದ್ದೆ. ಅವರು ಅದನ್ನೇ ಇನ್ನೊಂದು ರೀತಿ ಹೇಳಿದರು. ಸುಮ್ಮನಿದ್ದೆ. ಹಂಗಾದ್ರ ಬಿಡ್ತೀನಿ ಅವ್ವಿ ಎಂದರು. ಆಗಲೂ ಸುಮ್ಮನಿದ್ದೆ. ಅವರು ಹೋದರು.

ಇಲ್ಲಿ ನನ್ನ ತಪ್ಪು ಇದೆ. ಹೂಂ ಅನ್ನುವುದನ್ನು ಬಿಟ್ಟಿದ್ದೆ. ಇಲ್ಲ ಅನ್ನುವುದನ್ನು ಇನ್ನೂ ಕಲಿತಿರಲಿಲ್ಲ. ಕೆಂಪು ಚೀಟಿ ಹಚ್ಚಿದ್ದೇನಲ್ಲ, ಕೆಂಪು ಎಂದರೆ ಕೆಂಪು, ಬಾಯಿಂದ ಬೇರೆ ಯಾಕೆ ಹೇಳಬೇಕು ಎಂದುಕೊಂಡೆ. ಸುಮ್ಮನಿರುವುದೇ ದೊಡ್ಡ ಧೈರ್ಯ ಎಂದು ತಿಳಿದಿದ್ದೆ.

ಅರ್ಧ ಗಂಟೆಯಲ್ಲಿ ಗೇಟಿನಿಂದ ಕರೆ ಬಂತು. ಹೋದೆ. ಗಾಡಿ ಗೇಟಿನ ಬಾಯಲ್ಲಿ ನಿಂತಿತ್ತು. ಸಾಹೇಬರಿದ್ದರು, ಕಾವಲುಗಾರನಿದ್ದ, ಡ್ರೈವರ್ ಕೆಳಗಿಳಿದು ನಿಂತಿದ್ದ. ಮಾಮಾ ಗಾಡಿಯ ಬದಿಗೆ ಒಂದು ಕೈ ಊರಿ ನಿಂತಿದ್ದರು. ಗುಮಾಸ್ತ ಆ ದಿನ ರಜೆಯಲ್ಲಿದ್ದ. ಚೀಟಿ ಓದಲು ಬಾರದೆ ಕಾವಲುಗಾರ ಗಾಡಿ ತಡೆದಿದ್ದ. ಸಾಹೇಬರು ಚೀಟಿಯನ್ನು ನನ್ನ ಕೈಗೆ ಕೊಟ್ಟು, ಇದು ನಿಮ್ಮ ಭಾಷೆ ಇರಬೇಕು, ಏನು ಬರೆದಿದೆ ಓದು ಎಂದರು.

ಕನ್ನಡದಲ್ಲಿತ್ತು. ಒತ್ತಿ ಒತ್ತಿ ಬರೆದ ದಪ್ಪ ಅಕ್ಷರ, ಒಂದು ಮೇಲೆ, ಒಂದು ಕೆಳಗೆ. ‘ಹ’ದ ಬಾಲ ಉದ್ದವಾಗಿತ್ತು.

"ಹುಡಗಿ ಹೂಂ ಅಂದಾಳ. ಗಾಡಿ ಬಿಡರಿ."

ಅಷ್ಟೇ. ಕೆಳಗೆ ಸಹಿ.

ಆ ಗೇಟಿನಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ. ನಾನು ಏನು ಓದಿದರೂ ಅದೇ ಚೀಟಿಯಲ್ಲಿದ್ದ ಮಾತಾಗುತ್ತಿತ್ತು. ಖಾಲಿ ಡಬ್ಬಿ ಎಂದು ಬರೆದಿದೆ ಎನ್ನಬಹುದಿತ್ತು, ತಪ್ಪು ಚೀಟಿ ಬಂದಿದೆ ಎನ್ನಬಹುದಿತ್ತು, ಗಾಡಿ ಹಿಂದಕ್ಕೆ ಹೋಗುತ್ತಿತ್ತು, ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಇದೆಲ್ಲ ನನಗೆ ಆ ಕ್ಷಣವೇ ಹೊಳೆಯಿತು. ಮಾಮಾ ನನ್ನನ್ನು ನೋಡುತ್ತಿದ್ದರು. ಅವರಿಗೆ ಹೆದರಿಕೆ ಇದ್ದಂತೆ ಕಾಣಲಿಲ್ಲ. ತಾವು ಬರೆದದ್ದು ಸರಿ ಇದೆಯೋ ಇಲ್ಲವೋ ಎಂದು ನೋಡುವವರ ಹಾಗೆ ನೋಡುತ್ತಿದ್ದರು.

ಮೊದಲು ಕನ್ನಡದಲ್ಲಿ ಓದಿದೆ. ಆಮೇಲೆ ಮರಾಠಿಯಲ್ಲಿ ಹೇಳಿದೆ. ಹುಡುಗಿ ಹೌದು ಅಂದಿದ್ದಾಳೆ, ಗಾಡಿ ಬಿಡಿ.

ಹುಡುಗಿ ಎಂದರೆ ನೀನೇನಾ ಎಂದು ಸಾಹೇಬರು ಕೇಳಿದರು. ಹೌದು ಎಂದೆ. ಅಂದೆಯಾ ಎಂದು ಕೇಳಿದರು.

"ನಾಹೀ," ಎಂದೆ.

ಮಾಮಾ ಗಾಡಿಯಿಂದ ಕೈ ತೆಗೆದರು. ಎರಡು ಹೆಜ್ಜೆ ಹತ್ತಿರ ಬಂದು, ಬೇರೆ ಯಾರೂ ಇಲ್ಲದ ಹಾಗೆ, ಮೆಲ್ಲಗೆ ಕನ್ನಡದಲ್ಲಿ ಕೇಳಿದರು.

"ಅಂದಿಲ್ಲೇನು ನೀ?"

"ಅಂದಿಲ್ರಿ ಮಾಮಾ."

"ನನಗ ಕೇಳಿಸ್ತಲ್ಲ," ಎಂದರು.

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಕೇಳಿಸಿತ್ತು. ಇಷ್ಟು ವರ್ಷ ಯಾವ ಜಾಗದಲ್ಲಿ ಬರುತ್ತಿತ್ತೋ ಅದೇ ಜಾಗದಲ್ಲಿ ಬಂದೇ ಬಂದಿರುತ್ತದೆ ಎಂದು ಅವರ ಕಿವಿ ಕೇಳಿಸಿಕೊಂಡಿತ್ತು. ಅವರೇ ಡ್ರೈವರ್‌ಗೆ ಗಾಡಿ ಹಿಂದಕ್ಕೆ ತೆಗೆ ಎಂದು ಕೈಮಾಡಿದರು.

ಅವರನ್ನು ಡಿಸ್ಪ್ಯಾಚಿನಿಂದ ತೆಗೆದು ಸ್ಟೋರಿಗೆ ಹಾಕಿದರು. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಅಷ್ಟು ದಿನ ಅವರು ನಟ್ಟು ಬೋಲ್ಟು ಎಣಿಸಿ ಕೊಟ್ಟರು. ಓದುಬರಹದ ವಿಷಯವೂ ಹೊರಬಿತ್ತು. ಕನ್ನಡದಲ್ಲಿ ಬರೆದದ್ದು ಭಾಷೆಯ ಅಭಿಮಾನಕ್ಕಲ್ಲ, ಬೇರೆ ಬರೆಯಲು ಬರುವುದಿಲ್ಲ ಎಂದು ಎಲ್ಲರಿಗೂ ತಿಳಿಯಿತು. ಅವರ ಕೈಕೆಳಗೆ ಇದ್ದವರು ಮುಂದೆ ಅವರಿಗೆ ಚೀಟಿ ಓದಿ ಹೇಳತೊಡಗಿದರು, ಬೇಕಿದ್ದರೂ ಬೇಡದಿದ್ದರೂ.

ಅದರ ಬಗ್ಗೆ ಮನೆಯಲ್ಲಿ ಅವ್ವ ಆಡಿದ್ದು ಒಂದೇ ಮಾತು. "ಅಕ್ಷರ ಕಲಿಸ್ದಾವನೂ ಅವನೇ. ಅದೇ ಅಕ್ಷರ ಗೇಟಿನಾಗ ನಿಂತು ಓದಿ ತೋರ್ಸಿದೇನು?"

ಅಪ್ಪ ಸಾಮಾನ್ಯವಾಗಿ ಮಾತಾಡುವವರಲ್ಲ. ಬೂಟಿನ ದಾರ ಬಿಚ್ಚುತ್ತಾ, "ಓದು ಅಂದ್ರು, ಓದ್ಯಾಳ," ಎಂದರು. ಆ ವಿಷಯದಲ್ಲಿ ನಮ್ಮ ಮನೆಯಲ್ಲಿ ಆದ ಚರ್ಚೆ ಅಷ್ಟೇ.

ಹುದ್ದೆ ನನಗೆ ಬಂತು. ಸಂದರ್ಶನಕ್ಕೆ ಸಂಭಾಜಿನಗರಕ್ಕೆ ಹೋಗಿ, ಲ್ಯಾಮಿನೇಟ್ ಮಾಡಿದ ಪ್ರಮಾಣಪತ್ರ ತೋರಿಸಿದೆ. ಹೀಗೆ ಮಾಡಿಸಬಾರದಿತ್ತು ಎಂದರು. ಅಪ್ಪ ಮಾಡಿಸಿದರು ಎಂದೆ. ಬೇರೇನೂ ಕೇಳದೆ ಕೆಲಸದ ಬಗ್ಗೆ ಕೇಳಿದರು, ಎಲ್ಲಕ್ಕೂ ಉತ್ತರ ಕೊಟ್ಟೆ. ಈಗ ನನ್ನ ಕೈಕೆಳಗೆ ಒಂಬತ್ತು ಜನ ಇದ್ದಾರೆ. ನನ್ನ ಸಹಿ ಇಲ್ಲದೆ ಆ ಕಾರ್ಖಾನೆಯಿಂದ ಒಂದು ಬುಷ್ ಕೂಡ ಹೊರಗೆ ಹೋಗುವುದಿಲ್ಲ. ಹೊಸಬರಿಗೆ ನಾನು ಮೊದಲು ಕಲಿಸುವುದು ಅಳತೆಯನ್ನಲ್ಲ. ಬೇಡದ್ದಕ್ಕೆ ಬೇಡ ಎಂದು ಬಾಯಿಬಿಟ್ಟು ಹೇಳುವುದನ್ನು. ಚೀಟಿ ಹಚ್ಚಿ ಸುಮ್ಮನೆ ಕೂತರೆ ಸಾಲದು ಎನ್ನುತ್ತೇನೆ.

ನೇಮಕದ ಪತ್ರಕ್ಕೆ ಸಹಿ ಹಾಕಿದ ದಿನ ಸಂತೋಷ ಬರುತ್ತದೆ ಎಂದು ಕಾದೆ. ಬರಲಿಲ್ಲ. ಆಮೇಲೆ ಬಂದೀತು ಎಂದುಕೊಂಡೆ. ಕೆಲಸ ಚೆನ್ನಾಗಿ ನಡೆಯುತ್ತಿದೆ, ಹೆಮ್ಮೆ ಇದೆ, ಅದು ಬೇರೆ.

ಏಳಿಗೆಗೆ ಅಡ್ಡ ಬರುವವರನ್ನು ದೂರ ಇಡಿ ಎಂದು ಈಗ ಮೊಬೈಲು ತೆರೆದರೆ ಸಾಕು, ಯಾರಾದರೂ ಹೇಳುತ್ತಿರುತ್ತಾರೆ. ಹೇಳುವವರಿಗೆ ಅಡ್ಡ ಬಂದವರು ಯಾರೋ ಹೊರಗಿನವರಿರಬೇಕು. ನನಗೆ ಅಡ್ಡ ನಿಂತವರು ನನ್ನನ್ನು ಆ ಬಾಗಿಲತನಕ ಕರೆತಂದವರೇ. ನಾನು ಮಾಡಿದ್ದು ತಪ್ಪು ಎಂದು ನಾನು ಬರೆಯುವುದಿಲ್ಲ. ಅದೇ ಗೇಟು, ಅದೇ ಚೀಟಿ ಮತ್ತೆ ಬಂದರೆ ಮತ್ತೆ ಹಾಗೇ ಓದುತ್ತೇನೆ. ಆದರೆ ಅದಕ್ಕೂ ಅರ್ಧ ಗಂಟೆ ಮೊದಲು, ನನ್ನ ಕೋಣೆಯಲ್ಲೇ, ನಮ್ಮ ಭಾಷೆಯಲ್ಲೇ, ಇಲ್ರಿ ಮಾಮಾ ಎಂದುಬಿಡುತ್ತೇನೆ. ಹಾಗೆ ಅಂದಿದ್ದರೆ ಚೀಟಿಯೇ ಇರುತ್ತಿರಲಿಲ್ಲ.

ಕಳೆದ ವರ್ಷ ಮಾಮಾ, ಅವ್ವ ಇಬ್ಬರೂ ಸಂಭಾಜಿನಗರದ ಹತ್ತಿರದ ವೇರುಳದ ದೇವಸ್ಥಾನಕ್ಕೆಂದು ಬಂದವರು ಒಂದು ದಿನ ನನ್ನ ಕೋಣೆಯಲ್ಲಿ ಉಳಿದರು. ಅಷ್ಟರಲ್ಲಿ ಮಾಮಾ ನಿವೃತ್ತರಾಗಿದ್ದರು. ಆ ಗೇಟಿನ ದಿನದಿಂದ ಅವರು ನನ್ನ ಜೊತೆ ಜಗಳವಾಡಿದ್ದಿಲ್ಲ, ನಮ್ಮ ಮನೆಗೆ ಬರುವುದನ್ನೂ ಬಿಟ್ಟಿಲ್ಲ. ಮರಾಠಿಯಲ್ಲಿ ಮಾತಾಡುತ್ತಾರೆ, ಅಷ್ಟೇ. ಅವ್ವನ ಜೊತೆ, ಅಪ್ಪನ ಜೊತೆ ಕನ್ನಡ. ನನ್ನ ಕಡೆ ತಿರುಗಿದರೆ ಮರಾಠಿ, ಅದೂ ಬಹುವಚನದಲ್ಲಿ, ‘ತುಮ್ಹಿ’ ಎಂದು, ಕಚೇರಿಯ ಸಾಹೇಬರ ಜೊತೆ ಮಾತಾಡುವಂತೆ.

ಊಟಕ್ಕೆ ಬಡಿಸುವಾಗ, ಇನ್ನೊಂದು ಹಾಕ್ಲೇನ್ರಿ ಎಂದು ಕೇಳಿದೆ. "ನಕೋ, ಪುರೇ," ಎಂದರು. ಬೇಡ, ಸಾಕು. ಮುಖದಲ್ಲಿ ಸಿಟ್ಟಿರಲಿಲ್ಲ. ಅವ್ವ ನಡುವೆ ಬಂದು, ನಿನ್ನ ಬಾಯಿಗೇನಾಗ್ಯಾದೋ ಅಣ್ಣಾ, ಹುಡುಗಿ ಜೋಡಿ ಕನ್ನಡ ಮಾತಾಡ್ಬಾರ್ದೇನು ಎಂದಳು. ಅವರು ನಕ್ಕು ಕೈ ತೊಳೆಯಲು ಎದ್ದರು.

ಮರುದಿನ ಮಧ್ಯಾಹ್ನ ಇಬ್ಬರನ್ನೂ ಬಸ್ ನಿಲ್ದಾಣಕ್ಕೆ ಬಿಡಲು ಹೋದೆ. ಅವ್ವ ಒಳಗೆ ಹೋಗಿ ಸೀಟು ಹಿಡಿದಳು. ಮಾಮಾ ಕೆಳಗೆ ನಿಂತು, ಇಲ್ಲಿ ನಿಮ್ಮ ಕೈಕೆಳಗೆ ಎಷ್ಟು ಜನ ಎಂದು ಮರಾಠಿಯಲ್ಲಿ ಕೇಳಿದರು. ಒಂಬತ್ತು ಎಂದೆ, ಮರಾಠಿಯಲ್ಲೇ. ಛಾನ್, ಚೊಲೊ ಆಯಿತು ಎಂದರು. ಪಕ್ಕದಲ್ಲಿ ನಿಂತಿದ್ದ ಕಂಡಕ್ಟರನಿಗೆ ನನ್ನನ್ನು ತೋರಿಸಿ, ನನ್ನ ತಂಗಿಯ ಮಗಳು, ಇಲ್ಲಿ ಆಫೀಸರ್ ಇದ್ದಾರೆ, ನಮ್ಮಲ್ಲಿ ಪದವಿ ಮಾಡಿದ ಮೊದಲಿಗರು ಎಂದರು. ಕಂಡಕ್ಟರ್ ತಲೆಯಾಡಿಸಿದ. ಆ ಹೆಮ್ಮೆ ನಿಜವಾದದ್ದೇ ಎಂದು ಅವರ ದನಿಯಲ್ಲಿ ಗೊತ್ತಾಗುತ್ತಿತ್ತು.

"ಯೇತೋ," ಎಂದರು ಬಸ್ಸು ಹತ್ತುತ್ತಾ. ಬರುತ್ತೇನೆ.

"ಯಾ," ಎಂದೆ. ಬನ್ನಿ.

ಬಸ್ಸು ಹಿಂದೆ ಸರಿದು, ತಿರುಗಿ, ನಾಸಿಕದ ಕಡೆ ಹೊರಟಿತು. ಎರಡನೇ ಪಾಳಿಗೆ ಇನ್ನೂ ಸಮಯವಿತ್ತು. ಕೋಣೆಗೆ ಹೋಗಬೇಕೆನಿಸಲಿಲ್ಲ. ನೆಟ್ಟಗೆ ಕಾರ್ಖಾನೆಗೆ ಹೋಗಿ, ಮೇಜಿನ ಮೇಲೆ ಕಾಯುತ್ತಿದ್ದ ಮಾಲನ್ನು ಅಳೆಯಲು ಕೂತೆ.